ಮಾತಾಡಿಸುವ ಪರದೆ

ಕೊಳ್ಳೇಗಾಲದ ಡಿಸೈನ್ ಕಂಪನಿಯಲ್ಲಿ ಮೊಬೈಲ್ ಪರದೆಗಳನ್ನು ರೂಪಿಸುವ ಜಡೇಸ್ವಾಮಿ ಸದಾ ಕನಸಿನಲ್ಲೇ ಓಡಾಡುವವನು. ಬಸ್ಸಿನ ಕಿಟಕಿಯ ಮೇಲೂ, ತನ್ನೂರು ಹೊನ್ನೂರಿನ ಗದ್ದೆಯ ಮಂಜಿನಲ್ಲೂ ಬೆರಳಿಂದ ಬಟನ್ ಬರೆದು, ಒತ್ತಿ, ಏನೋ ತೆರೆದುಕೊಂಡಂತೆ ನಗುತ್ತಾನೆ. ಆಸ್ಪತ್ರೆಯೊಂದರ ಆ್ಯಪ್ ಪರೀಕ್ಷಿಸಲು ಅವನು ರಾಮಾಪುರದ ಸೋಮಮ್ಮ ಎಂಬ ಮುದುಕಿಯ ಕೈಗೆ ಮೊಬೈಲ್ ಕೊಟ್ಟಾಗ ಆಕೆ ಸುಮ್ಮನೆ ನೋಡುತ್ತ ಕೂತಳು. "ಯಾಕವ್ವ, ಒತ್ತಾಕಿಲ್ವಾ?" ಎಂದ. "ಮೊದ್ಲು ಅದು ನನ್ನ ಮಾತಾಡಿಸ್ಲಿ ಕಣಪ್ಪ," ಎಂದಳು. ಅವನು ಮೊದಲ ಪರದೆಯಲ್ಲಿ ಬೇರೇನೂ ಇಡದೆ, ತನ್ನದೇ ದನಿಯಲ್ಲಿ "ಬಾರವ್ವ, ಚೆಂದಾಗಿದ್ದೀಯಾ?" ಎಂಬ ಮಾತು ಕೇಳುವಂತೆ ಮಾಡಿದ. "ಜಾಗ ದಂಡ, ತೆಗಿ," ಎಂದರು ಕಂಪನಿಯ ಮಾಲೀಕರು. "ಬೇಕಾರೆ ನನ್ನೇ ತೆಗೀರಿ ಸಾ," ಎಂದ, ಯಾರಿಗೂ ಎದುರಾಡದ ಜಡೇಸ್ವಾಮಿ. ಆ ಪರದೆ ಉಳಿಯಿತು. ಅವನು ಮತ್ತೆ ರಾಮಾಪುರಕ್ಕೆ ಹೋದಾಗ, ಮನೆಯವರಿಗೆಲ್ಲ ಚೆನ್ನಾಗಿದ್ದೇನೆ ಎನ್ನುತ್ತಿದ್ದ ಸೋಮಮ್ಮ ಆ ದನಿ ಕೇಳಿ, ಮೊಬೈಲನ್ನು ಮುಖದ ಹತ್ತಿರ ತಂದು ಮೆಲ್ಲಗೆ ಹೇಳಿದಳು: "ಇಲ್ಲ ಕಣಪ್ಪ, ಎದೆ ನೋಯ್ತದೆ."