ನಮ್ಮ ಬನಿಯನ್ನಿನ ಮೇಲಿನ ನೀರುನಾಯಿ

ಗೆಳೆಯರೇ, ಇವತ್ತು ಬಾಡಿಗೆ ಸೈಕಲ್ ತುಳಿದುಕೊಂಡು ಗಾವಡಗೆರೆಗೆ ಹೋಗಿ ಕಬಡ್ಡಿಯಲ್ಲಿ ಸೋತು ಬಂದೆವು. ಅದಿರಲಿ, ಹೇಳಬೇಕಾದ್ದು ನಮ್ಮ ಬಿಳಿ ಬನಿಯನ್ನುಗಳ ಮೇಲಿದ್ದ ನೀರುನಾಯಿಯ ವಿಷಯ.

ಅದನ್ನು ಮಾಡಿದವನು ನಮ್ಮ ತಂಡದ ಚೆಲುವ. ಕೃಷ್ಣರಾಜನಗರದ ಅಕ್ಕಿ ಗಿರಣಿಯಲ್ಲಿ ಮೂಟೆಗಳಿಗೆ ಗುರುತು ಹೊಡೆಯುವವನು. ನಾವು ಕೇಳಿದ್ದು ಸಿಂಹ. "ಸಿಂಹ ಎಲ್ಲಾರ್ದೂ ಅದೆ ಕಣ್ರಲಾ. ಕೈಗೆ ಸಿಕ್ಕೂ ಜಾರ್ಕೊಳೋದು ಹೊಳೇಲಿ ಮೀನು ತಿನ್ನೋ ನೀರುನಾಯಿ ಒಂದೇಯ" ಎಂದ.

ತಗಡಿನಲ್ಲಿ ನೀರುನಾಯಿಯ ಆಕಾರ ಕತ್ತರಿಸಿ ತೆಗೆದು, ಆ ತೂತಿನ ಮೂಲಕ ಬಣ್ಣ ಬಳಿಯುವ ಅಚ್ಚು ಮಾಡಿದ. ಮೊದಲನೆಯದರಲ್ಲಿ ಕಪ್ಪು ಬಣ್ಣ ಹರಡಿ ಮೀಸೆಯೆಲ್ಲ ಮಸಿಯಾಯಿತು. ಮೀಸೆಯನ್ನೇ ತೆಗೆದ. ಎರಡನೆಯದರಲ್ಲಿ ಕಣ್ಣಿನ ತುಂಡು ಕಳಚಿ ಬಿತ್ತು. ಮೂರನೆಯದರಲ್ಲಿ ಕಣ್ಣು ಬೀಳದಂತೆ ತಗಡಿನ ಸಣ್ಣ ಪಟ್ಟಿಯೊಂದನ್ನು ಕತ್ತರಿಸದೆ ಉಳಿಸಿದ. ಬಟ್ಟೆಯ ಮೇಲೆ ಬಣ್ಣ ತಾಗದ ಆ ಪಟ್ಟಿಯ ಜಾಗ ಮೇಲೇರಿಸಿದ ಬಿಳಿ ಹುಬ್ಬಾಗಿ ಕಂಡಿತು. ಪ್ರಾಣಿಗೆ ಎಂಥ ಪೋಕರಿ ಕಳೆ ಬಂತು ಅಂತೀರಿ!

ಆಟಕ್ಕೆ ಮೊದಲು ಎದುರು ತಂಡದ ನಾಯಕ, "ಇದ್ಯಾವ ಎಗ್ಗಣ ಕಣ್ರಲಾ?" ಎಂದು ನಕ್ಕಿದ್ದ. ಗೆದ್ದ ಮೇಲೆ ಅವನೇ ಚೆಲುವನ ಹತ್ತಿರ ಬಂದ.

"ಅಣ್ಣ, ಆ ಕಣ್ಣುಬ್ಬು ಕಣ್ಮುಂದಿಂದ ಓಗ್ತಾನೇ ಇಲ್ಲ. ನಮ್ಗೂ ಒಂದು ಮಾಡ್ಕೊಡು."

ಚೆಲುವ ತನ್ನ ನೀರುನಾಯಿಯ ಹಾಗೆಯೇ ಹುಬ್ಬೇರಿಸಿದ.

"ಮಾಡ್ಕೊಡ್ತೀನಿ ಬುಡು. ನಿಮ್ಗೆ ಮೀನು."