ನೀಲಿ ಡಬ್ಬಿಯನ್ನು ಹಿಂದಕ್ಕಿಟ್ಟ ದಿನ

ಮೊದಲಿಗೇ ಒಂದು ಅರಿಕೆ. ನಮ್ಮ ಮನೆತನದಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲಿಗಳು. ಆದ್ದರಿಂದ ನಾಲ್ಕು ಜನ ಓದುವಂಥದ್ದನ್ನು ಬರೆಯುವಾಗ ಎಲ್ಲಿ ತಪ್ಪುತ್ತೇನೋ ಎಂಬ ಅಂಜಿಕೆ ನನ್ನನ್ನು ಬಿಡುವುದಿಲ್ಲ. ಫುಟ್‌ಬಾಲ್ ಕುರಿತು ನನಗಿರುವ ತಿಳಿವಳಿಕೆಯೂ ಅಷ್ಟಕ್ಕಷ್ಟೇ. ಅದನ್ನು ನಾನು ಕಲಿತದ್ದು ಮೈದಾನದಲ್ಲಲ್ಲ, ಹಿಟ್ಟಿನ ಗಿರಣಿಯಲ್ಲಿ. ಹೇಳುವ ಕ್ರಮದಲ್ಲಿ ಕೊರತೆ ಕಂಡರೆ ಅದು ನನ್ನದು. ಹೇಳಹೊರಟ ಸಂಗತಿ ನನ್ನ ಅವ್ವನದು, ಅದರಲ್ಲಿ ಕೊರತೆಯಿಲ್ಲ.

ಕಟಕೋಳದಲ್ಲಿ ನಮ್ಮ ಗಿರಣಿ ಇರುವುದು ಪ್ರೌಢಶಾಲೆಯ ಮೈದಾನದ ಎದುರಿಗೆ. ನಡುವೆ ಒಂದು ರಸ್ತೆ ಮಾತ್ರ. ಅಪ್ಪ ಕಿತ್ತೂರಿನ ಹೆದ್ದಾರಿ ಬದಿಯ ಗ್ಯಾರೇಜೊಂದರಲ್ಲಿ ಕೆಲಸಕ್ಕಿದ್ದು ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದ. ಗಿರಣಿಯನ್ನು ನಡೆಸುತ್ತಿದ್ದವಳು ಅವ್ವ. ಅದನ್ನು ಆರಂಭಿಸಿದ ಹೊಸತರಲ್ಲಿ ಕೆಲವು ಮನೆಯವರು ತಮ್ಮ ಕಾಳನ್ನು ಬೇರೆ ಊರಿಗೆ ಒಯ್ದು ಬೀಸಿಸಿಕೊಂಡು ಬರುತ್ತಿದ್ದರು. ನಮ್ಮ ಮನೆಯ ಗೋಡೆಯ ಮೇಲೆ ಬುದ್ಧನ ಚಿತ್ರವಿತ್ತು. ಕಾರಣವನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ, ನಾವು ಕೇಳಲಿಲ್ಲ. ಕಿರಾಣಿ ಅಂಗಡಿಯ ಆಯಿಯ ಡಬ್ಬಿಯೂ ಹಾಗೆ ಹೊರಗೆ ಹೋಗುತ್ತಿದ್ದ ಡಬ್ಬಿಗಳಲ್ಲಿ ಒಂದು. ಆಕೆಯ ಮೊಮ್ಮಗಳು ನನ್ನ ತಂಗಿಯೊಡನೆ ಶಾಲೆಯ ಫುಟ್‌ಬಾಲ್ ತಂಡ ಸೇರಿದ ಮೇಲೆ, ನಮ್ಮ ಗಿರಣಿಯಲ್ಲಿ ನಡೆಯುತ್ತಿದ್ದ ತಂಡದ ಚರ್ಚೆ ತಪ್ಪಿಹೋಗಬಾರದೆಂಬ ಒಂದೇ ಕಾರಣಕ್ಕೆ ಆ ಡಬ್ಬಿ ನಮ್ಮಲ್ಲಿಗೆ ಬರತೊಡಗಿತು.

ಆ ಚರ್ಚೆ ನಡೆಯುತ್ತಿದ್ದುದು ಕರೆಂಟು ಹೋದಾಗ. ಗಿರಣಿ ತಿರುಗುತ್ತಿರುವವರೆಗೆ ಯಾರ ಮಾತೂ ಯಾರಿಗೂ ಕೇಳಿಸುತ್ತಿರಲಿಲ್ಲ. ತ್ರೀ ಫೇಸ್ ಕರೆಂಟು ನಿಂತು ಯಂತ್ರ ತಿರುಗಿಸುವ ಪಟ್ಟಾ ಸುಮ್ಮನಾದ ಕೂಡಲೇ ಪಾಳಿಗೆ ಕುಳಿತ ಹೆಂಗಸರು ತಂಡವನ್ನು ಕಟ್ಟಲು ಎದ್ದು ನಿಲ್ಲುತ್ತಿದ್ದರು. ನೆಲದ ಮೇಲೆ ಸಾಲಾಗಿದ್ದ ಡಬ್ಬಿಗಳೇ ಆಟಗಾರ್ತಿಯರು. ಜೋಳ ತುಂಬಿದ ಭಾರದ ಡಬ್ಬಿಗಳು ಹಿಂದೆ, ಗೋಧಿಯವು ನಡುವೆ, ಮುಂದೆ ಹಗುರವಾದವು. ಹನ್ನೊಂದು ತುಂಬದ ದಿನ ಕಾಳು ಅಳೆಯುವ ನಮ್ಮ ಸೇರು, ಪಾವುಗಳೂ ತಂಡದಲ್ಲಿ ಆಡುತ್ತಿದ್ದವು. ಕರೆಂಟು ಮರಳಿದಾಗ ಯಾರ ಪಾಳಿ ಯಾವುದೆಂದು ತಿಳಿಯದೆ ಜಗಳವಾಗುತ್ತಿದ್ದುದರಿಂದ ನಾನು ಪ್ರತಿ ಮುಚ್ಚಳದ ಮೇಲೆ ಸೀಮೆಸುಣ್ಣದಿಂದ ಅಂಕಿ ಬರೆಯತೊಡಗಿದೆ. ರಾಮದುರ್ಗಕ್ಕೆ ಮೂರು ವರ್ಷ ಬಸ್ಸಿನಲ್ಲಿ ಓಡಾಡಿ ಗಳಿಸಿದ ಬಿ.ಎ. ಪದವಿಯು ಊರಿಗೆ ಮೊದಲು ಉಪಯೋಗಕ್ಕೆ ಬಂದದ್ದು ಹೀಗೆ.

ನನ್ನ ತಂಗಿಯಾಗಿ ನಿಲ್ಲುತ್ತಿದ್ದುದು ನಮ್ಮ ಮನೆಯದೇ ಆದ ನೀಲಿ ಡಬ್ಬಿ. ಆಕೆ ಆಗ ಹತ್ತನೆಯ ತರಗತಿಯಲ್ಲಿದ್ದಳು. ಎಲ್ಲರಿಗಿಂತ ಮುಂದೆ ನಿಂತು ಗೋಲು ಹೊಡೆಯಬೇಕಾದ ಆಟಗಾರ್ತಿ. ಹಿಂದಿನ ವರ್ಷ ಸವದತ್ತಿಯಲ್ಲಿ ಎರಡು ಗೋಲು ಹೊಡೆದು ಬಂದಿದ್ದಳು. ಆದರೆ ಈ ವರ್ಷ ಮೂರು ಆಟ ಮುಗಿದರೂ ಆಕೆಯಿಂದ ಒಂದು ಗೋಲೂ ಬಂದಿರಲಿಲ್ಲ. ಮುಂದಿನದು ಫೈನಲ್ ಆಟ, ಕಿತ್ತೂರಿನಲ್ಲಿ, ಬೈಲಹೊಂಗಲದ ತಂಡದೊಡನೆ. ಕ್ರೀಡಾ ಹಾಸ್ಟೆಲಿಗೆ ಹುಡುಗಿಯರನ್ನು ಆರಿಸುವವರು ಅಲ್ಲಿಗೆ ಬರಲಿದ್ದರು. ಆ ಹಾಸ್ಟೆಲಿನಲ್ಲಿ ಊಟ, ವಸತಿ, ಓದು ಎಲ್ಲವೂ ಸಿಗುತ್ತಿತ್ತು. ಇಬ್ಬರು ಹೆಣ್ಣುಮಕ್ಕಳಲ್ಲಿ ಒಬ್ಬಳನ್ನು ಓದಿಸಿಯೇ ಸಾಕಾಗಿದ್ದ ನಮ್ಮ ಮನೆಗೆ, ತಂಗಿಯ ಮುಂದಿನ ಓದು ಆ ಒಂದು ಆಟದ ಮೇಲೆ ನಿಂತಿತ್ತು.

ಆಟಕ್ಕೆ ನಾಲ್ಕು ದಿನ ಇರುವಾಗ ಮಧ್ಯಾಹ್ನ ಕರೆಂಟು ಹೋಯಿತು. ಕಿರಾಣಿ ಆಯಿ ಕೂಡಲೇ ನೀಲಿ ಡಬ್ಬಿಯತ್ತ ಬೆರಳು ಮಾಡಿದಳು.

“ಮೂರು ಮ್ಯಾಚ್ ಆತು. ಆಕಿ ಕಾಲಾಗ ಒಂದರ ಗೋಲ್ ಬಂದೈತೇನು? ಸವದತ್ತಿ ಗೋಲ್ ಇನ್ನ ಎಷ್ಟು ದಿನ ತಿನ್ನೂದು?”

ಗೋಲ್‌ಕೀಪರ್ ಹುಡುಗಿಯ ತಾಯಿ ಸುಮ್ಮನಿರುವವಳಲ್ಲ. “ಆಕಿಗೆ ಪಾಸ್ ಯಾರ್ ಕೊಡತಾರ ಆಯಿ? ನಿನ್ನ ಮೊಮ್ಮಗಳು ಚೆಂಡು ಸಿಕ್ರ ಸಂತ್ಯಾಗ ಕಳಕೊಂಡ ಕೂಸು ಸಿಕ್ಕಂಗ ಅವಚಿಕೊಂಡು ಓಡತಾಳ.”

“ಓಡತಾಳವಾ, ಓಡೂ ತಾಕತ್ತ ಐತಿ ಓಡತಾಳ. ನಿನ್ನ ಮಗಳಂಗ ಗೋಲ್ ಮುಂದ ನಿಂತು ಜಡಿ ತಿದ್ದಿಕೊಳ್ಳೂದಿಲ್ಲ.”

ಎಲ್ಲರೂ ನಕ್ಕರು. ಅವ್ವ ನಗಲಿಲ್ಲ, ಸಿಟ್ಟಾಗಲೂ ಇಲ್ಲ. ಗಿರಣಿ ನಡೆಸುವವಳು ಯಾರ ಪಾಳಿಯನ್ನೂ ಹಿಂದೆ ಮುಂದೆ ಮಾಡಬಾರದು, ಯಾರ ಪಕ್ಷವನ್ನೂ ವಹಿಸಬಾರದು ಎಂಬುದು ಆಕೆಯ ನಿಯಮ. ತನ್ನ ಮಗಳ ಆಟವನ್ನು ತನ್ನೆದುರೇ ತೂಗಿ ನೋಡುತ್ತಿದ್ದರೂ ಎರಡು ವರ್ಷಗಳಲ್ಲಿ ಆಕೆ ಒಮ್ಮೆಯೂ ಬಾಯಿ ಹಾಕಿರಲಿಲ್ಲ.

ಅಷ್ಟರಲ್ಲಿ ತಂಡವನ್ನು ತಯಾರು ಮಾಡುವ ಪಿ.ಟಿ. ಮಾಸ್ತರರು ಗೋಧಿಯ ಡಬ್ಬಿಯನ್ನು ಬೈಕಿನಿಂದ ಇಳಿಸಿಕೊಂಡು ಒಳಗೆ ಬಂದರು. ನೆಲದ ಮೇಲಿನ ತಂಡವನ್ನು ಕಂಡು ಮುಗುಳ್ನಕ್ಕರು. ಬಳಿಕ ಅವ್ವನ ಕಡೆಗೆ ತಿರುಗಿ ದನಿ ತಗ್ಗಿಸಿದರು.

“ಅಕ್ಕಾರ, ತಪ್ಪು ತಿಳೀಬ್ಯಾಡ್ರಿ. ಕಿತ್ತೂರಾಗ ನಿಮ್ಮ ಮಗಳನ್ನ ಹೊರಗ ಕುಂದ್ರಸಬೇಕಂತ ಮಾಡೇನಿ. ಆಕಿ ಆಟ ಕೈ ಕೊಟ್ಟೈತಿ.”

ಹೊರಗೆ ಕುಳಿತವಳನ್ನು ಆರಿಸುವವರಾದರೂ ಹೇಗೆ ನೋಡಿಯಾರು? ಅವ್ವ ಕೈಗಂಟಿದ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡು ಕಟ್ಟೆಯಿಂದ ಕೆಳಗಿಳಿದಳು. ನೀಲಿ ಡಬ್ಬಿಯನ್ನು ಎರಡೂ ಕೈಗಳಿಂದ ಎತ್ತಿ, ಇಡೀ ತಂಡವನ್ನು ದಾಟಿಸಿ ತಂದು, ಗೋಲ್‌ಕೀಪರ್ ಡಬ್ಬಿಯ ಮುಂದೆ ನಟ್ಟನಡುವೆ ಇಟ್ಟಳು.

“ಹೊರಗ ಬ್ಯಾಡ್ರಿ ಮಾಸ್ತರ. ಇಲ್ಲೆ ನಿಂದ್ರಸ್ರಿ.”

ಮೊದಲು ಬಾಯಿ ಬಿಟ್ಟವಳು ಆಯಿಯೇ. “ಇಷ್ಟ ದಿನ ಬಾಯಿಗೆ ಬೀಗ ಹಾಕ್ಕೊಂಡಿದ್ದಿ. ಮಗಳ ಸರತಿ ಬಂದ ಕೂಡ್ಲೆ ಬೀಗ ತಗದ್ಯಲ್ಲವಾ!”

ಅವ್ವನ ಮುಖ ಕೆಂಪಾಯಿತು. ಆದರೂ ಡಬ್ಬಿಯನ್ನು ಮರಳಿ ಎತ್ತಲಿಲ್ಲ.

“ಹೌದ ಆಯಿ, ನನ್ನ ಮಗಳಂತನ ಮಾತಾಡೇನಿ. ಆದ್ರ ನಾ ಹೇಳಿದ್ದು ಸುಳ್ಳಿದ್ರ ಹೇಳು. ಗೋಲಿಗೆ ಬೆನ್ನ ಮಾಡಿ ನಿಂತಾಗ ಆಕಿಗೆ ಚೆಂಡು ಬರತೈತಿ. ಹಿಂದಿಂದ ಯಾರು ಬರತಾರಂತ ಅಂಜತಾಳ, ಚೆಂಡ ಬಿಡತಾಳ. ಎದರಿಗೆ ಬಂದಾಕಿನ್ನ ಮಾತ್ರ ಇಷ್ಟ ದಿನದಾಗ ಒಮ್ಮೆರ ಬಿಟ್ಟಾಳೇನು?”

“ಹಿಂದ ನಿಂತ್ರ ಗೋಲ್ ಹೆಂಗ ಹೊಡೀತಾಳ?” ಎಂದು ಆಯಿ ಕೇಳಿದಳು.

“ಹೊಡೀಲಿಕ್ಕೆ ನಿನ್ನ ಮೊಮ್ಮಗಳು ಅದಾಳಲ್ಲ.”

ನಾನು ತಿಳಿದವಳಂತೆ ನಡುವೆ ಬಾಯಿ ಹಾಕಿದೆ. “ಅವ್ವಾ, ಅದಕ್ಕ ಸೆಂಟರ್ ಬ್ಯಾಕ್ ಅಂತಾರ.”

“ಏನರ ಅನ್ನಲಿ. ಅಲ್ಲೆ ನಿಂದ್ರಲಿ.”

ಮಾಸ್ತರರು ಬಹಳ ಹೊತ್ತು ಡಬ್ಬಿಗಳನ್ನೇ ನೋಡುತ್ತ ನಿಂತರು. ಇದನ್ನು ಯಾರು ಹೇಳಿಕೊಟ್ಟರೆಂದು ಕೇಳಿದರು. “ಯಾರ್ ಹೇಳತಾರ್ರಿ. ಗಿರಣಿ ಸಪ್ಪಳದಾಗ ನನಗ ಏನೂ ಕೇಳೂದಿಲ್ಲ. ಬಾಗಲದಾಗಿಂದ ಕಣ್ಣಿಗೆ ಕಾಣತೈತಿ, ಅಷ್ಟ,” ಎಂದಳು ಅವ್ವ. ಮಾಸ್ತರರು ಗೋಧಿಯ ಡಬ್ಬಿಯನ್ನು ಅಲ್ಲಿಯೇ ಬಿಟ್ಟು ಹೊರಟರು. ಮರುದಿನ ಅಭ್ಯಾಸದಲ್ಲಿ ತಂಗಿಯನ್ನು ಹಿಂದೆ ನಿಲ್ಲಿಸಿದ್ದನ್ನು ನಾವು ಗಿರಣಿಯ ಬಾಗಿಲಿನಿಂದಲೇ ಕಂಡೆವು.

ತಂಗಿ ಮನೆಗೆ ಬಂದು ಶೂ ಬಿಚ್ಚಿ ಮೂಲೆಗೆ ಎಸೆದಳು. “ಎಲ್ಲಾರ ಮುಂದ ನನ್ನ ಹಿಂದ ಹಾಕ್ಸಿದ್ಯವ್ವಾ. ಗೋಲ್ ಹೊಡದಾಕಿ ಹೆಸರ ಮೈಕಿನ್ಯಾಗ ಹೇಳತಾರ, ತಡದಾಕಿ ಹೆಸರ ಯಾರ್ ಹೇಳತಾರ?” ಮೂರು ದಿನ ಇಬ್ಬರ ನಡುವೆ ಮಾತಿರಲಿಲ್ಲ.

ಕಿತ್ತೂರಿಗೆ ಹೋಗುವ ದಿನ ಅವ್ವ ಮೊದಲ ಸಲ ಗಿರಣಿಗೆ ರಜೆ ಕೊಟ್ಟಳು. ಕ್ರೂಸರ್ ಗಾಡಿಯಲ್ಲಿ ಹೆಂಗಸರು ಒಬ್ಬರ ಮೇಲೊಬ್ಬರು ಕುಳಿತು ಹೊರಟೆವು. ಅಪ್ಪ ಗ್ಯಾರೇಜಿನಿಂದ ಎಣ್ಣೆ ಮೆತ್ತಿದ ಅಂಗಿಯಲ್ಲೇ ಮೈದಾನಕ್ಕೆ ಬಂದ. ಆಟ ಶುರುವಾದದ್ದೇ ತಡ, ನಮ್ಮವರು ಗಿರಣಿಯ ಭಾಷೆಯಲ್ಲೇ ಕೂಗತೊಡಗಿದರು. “ಏ ಗೋಧಿ ಡಬ್ಬಿ, ಬಲಕ್ಕ ಸರಿ!” “ಸೇರು ಬಿಟ್ಟು ಪಾವಿಗೆ ಕೊಡು!” ಬೈಲಹೊಂಗಲದವರು ಇವರು ಆಟ ನೋಡಲು ಬಂದವರೋ ಸಂತೆಗೆ ಬಂದವರೋ ಎಂದು ನಮ್ಮನ್ನೇ ನೋಡುತ್ತಿದ್ದರು.

ಹತ್ತು ನಿಮಿಷವೂ ಆಗಿರಲಿಲ್ಲ, ತಂಗಿ ಹಳೆಯ ರೂಢಿಯಂತೆ ಚೆಂಡಿನ ಹಿಂದೆ ಮುಂದಕ್ಕೆ ಓಡಿಬಿಟ್ಟಳು. ಆಕೆ ಬಿಟ್ಟ ಜಾಗದಿಂದ ನುಗ್ಗಿದ ಬೈಲಹೊಂಗಲದ ಹುಡುಗಿ ಹೊಡೆದ ಚೆಂಡು ಗೋಲಿನ ಕಂಬಕ್ಕೆ ಬಡಿದು ಹೊರಗೆ ಹೋಯಿತು. ಮಾಸ್ತರರು ಬದಲಿ ಹುಡುಗಿಯನ್ನು ಎಬ್ಬಿಸಿ ನಿಲ್ಲಿಸಿದರು. ತಂಗಿಯ ಕಣ್ಣು ಗುಂಪಿನಲ್ಲಿ ಅವ್ವನನ್ನು ಹುಡುಕಿತು. ಗಿರಣಿ ಸದ್ದಿನಲ್ಲಿ ಅವ್ವ ನಮ್ಮೊಡನೆ ಯಾವಾಗಲೂ ಕೈಸನ್ನೆಯಿಂದಲೇ ಮಾತಾಡುತ್ತಿದ್ದಳು. ಅಂಗೈಯನ್ನು ನೆಲದತ್ತ ಮಾಡಿ ಎರಡು ಸಲ ಒತ್ತಿದರೆ, ‘ತಡೆ, ಈಗಲೇ ಕಾಳು ಸುರಿಯಬೇಡ’ ಎಂದರ್ಥ. ಅವ್ವ ಎದ್ದು ನಿಂತು ಅದನ್ನೇ ಮಾಡಿದಳು. ಮೈದಾನದಲ್ಲಿ ಅದು ಅರ್ಥವಾದದ್ದು ಒಬ್ಬಳಿಗೇ.

ಆಮೇಲೆ ತಂಗಿ ತನ್ನ ಜಾಗವನ್ನು ಬಿಡಲಿಲ್ಲ. ಎದುರಿಗೆ ಬಂದವರ ಕಾಲನ್ನಲ್ಲ, ಚೆಂಡನ್ನೇ ನೋಡುತ್ತ ಕಾದಳು. ಸಮಯ ಬಂದಾಗ ಮಾತ್ರ ಕಾಲು ಚಾಚಿದಳು. ಮಾಸ್ತರರು ಬದಲಿ ಹುಡುಗಿಯನ್ನು ಮತ್ತೆ ಕೂಡಿಸಿದರು. ಎರಡನೆಯ ಅರ್ಧದ ಹೊತ್ತಿಗೆ ಬೈಲಹೊಂಗಲದವರು ನಡುವಿನಿಂದ ಬರುವುದನ್ನೇ ಬಿಟ್ಟು ಬದಿಯಿಂದ ಯತ್ನಿಸತೊಡಗಿದ್ದರು. “ನೀಲಿ ಡಬ್ಬಿ ದಾಟಿ ಹೋಗ್ರಿ ನೋಡೂಣು!” ಎಂದು ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದವಳು ಕಿರಾಣಿ ಆಯಿ. ನನ್ನ ಅವ್ವನ ಹೆಗಲ ಮೇಲೆ ಕೈಯೂರಿ ನಿಂತುಕೊಂಡೇ ಆಕೆ ಕೂಗುತ್ತಿದ್ದಳು.

ಯಾರಿಗೂ ಗೋಲು ಬರಲಿಲ್ಲ. ಕೊನೆಗೆ ಪೆನಾಲ್ಟಿ ಹೊಡೆತಗಳಲ್ಲಿ ನಾವು ಸೋತೆವು. ಕಪ್ ಬೈಲಹೊಂಗಲಕ್ಕೆ ಹೋಯಿತು. ಹುಡುಗಿಯರೆಲ್ಲ ಅಳುತ್ತಿದ್ದರು. ಆಗ ಆರಿಸಲು ಬಂದಿದ್ದ ಇಬ್ಬರಲ್ಲಿ ಒಬ್ಬರು ಮಾಸ್ತರರ ಬಳಿ ಬಂದು, ತಂಗಿಯನ್ನು ತೋರಿಸಿ, ಈ ಹುಡುಗಿಯನ್ನು ಹಿಂದಿನ ಸಾಲಿನಲ್ಲಿ ಎಷ್ಟು ವರ್ಷದಿಂದ ಆಡಿಸುತ್ತಿದ್ದೀರಿ ಎಂದು ಕೇಳಿದರು. “ವರ್ಷ ಅಲ್ರಿ, ಮೂರು ದಿನ,” ಎಂದರು ಮಾಸ್ತರರು. “ಅಲ್ಲೆ ಹಾಕಿದಾಂವ ನಾನಲ್ಲ. ಅವರನ್ನ ಕೇಳ್ರಿ.” ಹೀಗೆಂದು ಅವ್ವನ ಕಡೆಗೆ ಕೈ ತೋರಿಸಿದರು. ಅವ್ವ ಸೆರಗನ್ನು ಸರಿಪಡಿಸಿಕೊಂಡಳು. ಪದವಿ ಪ್ರದಾನದ ದಿನ ನನಗಾದ ಹೆಮ್ಮೆ ಆ ಗಳಿಗೆಯ ಮುಂದೆ ಸಣ್ಣದಾಯಿತು ಎಂದರೆ ಅತಿಶಯೋಕ್ತಿಯಲ್ಲ.

ಒಂದು ತಿಂಗಳಿಗೆ ಪತ್ರ ಬಂತು. ತಂಗಿ ಈಗ ಕ್ರೀಡಾ ಹಾಸ್ಟೆಲಿನಲ್ಲಿದ್ದು ಪಿಯುಸಿ ಓದುತ್ತಿದ್ದಾಳೆ; ಹಿಂದಿನ ಸಾಲಿನಲ್ಲೇ ಆಡುತ್ತಾಳೆ. ಆಕೆಯ ಓದಿನ ಚಿಂತೆ ತೀರಿದ ಮೇಲೆ ಅಪ್ಪ ಕಿತ್ತೂರಿನ ಕೆಲಸ ಬಿಟ್ಟು ಊರಿಗೆ ಬಂದ. ಗಿರಣಿಯನ್ನು ಈಗ ಅಪ್ಪ ಅವ್ವ ಇಬ್ಬರೂ ನಡೆಸುತ್ತಾರೆ. ಮಾಸ್ತರರು ತಂಡ ಆರಿಸುವ ಮುನ್ನ ಅವ್ವನನ್ನು ಮೈದಾನಕ್ಕೆ ಕರೆಯುತ್ತಾರೆ. ಆಕೆ ಹೋಗುತ್ತಾಳೆ, ಅಲ್ಲಿ ಆಕೆಗೆ ಕುರ್ಚಿ ಹಾಕುತ್ತಾರೆ. ನಮ್ಮ ಮನೆತನದಲ್ಲಿ ಎರಡನೆಯ ಪದವೀಧರೆ ನನ್ನ ತಂಗಿಯೇ ಆಗುತ್ತಾಳೆ.