ಮೂರು ಬಂಡೆ, ಮೂರು ಕಾರ್ಡು

ಕಾರಿಂಜದ ಬಂಡೆಯ ನಡುವೆ, ಮನೆಯ ಬಾವಿಹಗ್ಗವನ್ನು ಸೊಂಟಕ್ಕೆ ಬಿಗಿದುಕೊಂಡು, ಎಡಗಾಲನ್ನು ಎಲ್ಲಿಡುವುದೆಂದು ತಿಳಿಯದೆ ನಾನು ನಿಂತಿದ್ದೆ. ಆಗ ಕೆಳಗಿನಿಂದ ಒಂದು ದನಿ ಬಂತು.

"ಹೋಯ್! ಊಟಕ್ಕೆ ಎಷ್ಟು ಹೊತ್ತಿಗೆ ಇಳೀತೀರಿ? ಎಲೆಯಲ್ಲಿ ಬೇಯಿಸಿದ ಹಲಸಿನಹಣ್ಣಿನ ಗಟ್ಟಿ ಉಂಟು!"

ನನ್ನ ಯಜಮಾನರ ಚಿಕ್ಕಪ್ಪ. ಅವರು ಇಲ್ಲಿಗೆ ಹೇಗೆ ಬಂದರು?

ಹೇಳುತ್ತೇನೆ. ಈ ಬೇಸಿಗೆ ರಜೆಯಲ್ಲಿ ನಾವು ಗಂಡ ಹೆಂಡತಿ ಪರ್ವತಾರೋಹಣಕ್ಕೆ ಹೊರಟೆವು. (ನಗಬೇಡಿ.) ಆಸೆ ನನ್ನದಲ್ಲ, ಇವರದು. ಆಫೀಸಿನಲ್ಲಿ ನಕ್ಷೆ ಬಿಡಿಸುವ ಇವರು ಯಾವುದೋ ಹಳೆಯ ಇಂಗ್ಲಿಷ್ ಮ್ಯಾಗಜಿನ್ನಿನಲ್ಲಿ ಒಂದು ಫೋಟೋ ನೋಡಿದ್ದರು. ಬಂಡೆಯ ತುದಿಯಲ್ಲಿ ಒಂದು ಟೆಂಟ್, ಅದರ ಮುಂದೆ ಚಹಾ ಕುಡಿಯುತ್ತಿರುವ ದಂಪತಿ. ಇವರ ಕಣ್ಣು ಬಂಡೆಯ ಮೇಲೆ ಬಿತ್ತು. ನನ್ನ ಕಣ್ಣು ಬಿದ್ದದ್ದು ಚಹಾದ ಮೇಲೆ.

ನಮ್ಮ ಮನೆಯಲ್ಲಿ ಹನ್ನೊಂದು ಜನ. ಮದುವೆಯಾಗಿ ನಾಲ್ಕು ವರ್ಷವಾದರೂ ನಾವಿಬ್ಬರೇ ಕುಳಿತು ಒಂದು ಲೋಟ ಚಹಾ ಕುಡಿದದ್ದಿಲ್ಲ. ಒಂದೇ ಒಂದು ಲೋಟ! ಅಷ್ಟು ಕೇಳುವುದು ಹೆಚ್ಚಾಯಿತೇ?

ಪ್ಲಾನ್ ಸರಳವಾಗಿತ್ತು. ಮೂರು ದಿನ, ಮೂರು ಬಂಡೆ. ಬಂಟ್ವಾಳದ ಕಡೆಯ ಕಾರಿಂಜ, ಬೆಳ್ತಂಗಡಿಯ ಗಡಾಯಿಕಲ್ಲು, ಮೂಡುಬಿದಿರೆಯ ಕೊಣಾಜೆಕಲ್ಲು. ಪ್ರಯಾಣ ಸ್ಕೂಟರಿನಲ್ಲಿ, ವಾಸ ಟೆಂಟಿನಲ್ಲಿ. ಟೆಂಟ್ ಎಂದರೆ ಲಾರಿಯ ಹಳೆ ಟರ್ಪಾಲು, ಮೆಲ್ಕಾರಿನ ಟೈಲರ್ ಹೊಲಿದುಕೊಟ್ಟದ್ದು. (ಅಳತೆಗೆ ಇವರನ್ನು ಅಂಗಡಿಯ ನೆಲದಲ್ಲೇ ಮಲಗಿಸಿದನಂತೆ. ಇಬ್ಬರಿಗೆ ಎಂದು ಹೇಳಲು ಇವರಿಗೆ ನಾಚಿಕೆಯಾಯಿತಂತೆ. ಹಾಗಾಗಿ ಅದು ಒಂದೂವರೆ ಮನುಷ್ಯರ ಟೆಂಟ್.)

ಸರಿ, ಚಿಕ್ಕಪ್ಪನ ವಿಷಯ. ಬಂಡೆಯಿಂದ ಇಳಿದು ನೋಡಿದರೆ ಅವರ ಕೈಯಲ್ಲಿ ಒಂದು ಪೋಸ್ಟ್ ಕಾರ್ಡ್. ಅಕ್ಷರ ನಮ್ಮವರದೇ. "ನಿಮ್ಮ ಊರಿಗೆ ಬರುತ್ತಿದ್ದೇವೆ. ಬಂಡೆಯ ಮೇಲೆಯೇ ಮಲಗುವುದರಿಂದ ಮನೆಗೆ ಬರಲಾಗುವುದಿಲ್ಲ. ದಯಮಾಡಿ ತೊಂದರೆ ತೆಗೆದುಕೊಳ್ಳಬೇಡಿ."

ನಾನು ಇವರ ಮುಖ ನೋಡಿದೆ.

"ಹೇಳದೆ ಹೋದರೆ ಅವರು ಏನು ಗ್ರಹಿಸ್ತಾರೆ ಮಾರಾಯ್ತಿ?" ಎಂದರು.

"ಎಷ್ಟು ಕಾರ್ಡ್ ಬರೆದಿದ್ದೀರಿ?"

"ಮೂರೇ."

ನಮ್ಮ ಊರಿನಲ್ಲಿ 'ಬರುವುದಿಲ್ಲ' ಎಂದರೆ ನಂಬುವವರು ಯಾರಿದ್ದಾರೆ? ಎಲೆಯ ಮೇಲೆ ಕೈ ಅಡ್ಡ ಹಿಡಿದು 'ಬೇಡ' ಎಂದ ಬಳಿಕವೇ ಅಲ್ಲವೇ ಸೌಟು ಹತ್ತಿರ ಬರುವುದು? ಚಿಕ್ಕಪ್ಪ ಆಗಲೇ ನಮ್ಮ ಟೆಂಟನ್ನು ಹೆಗಲಿಗೇರಿಸಿ ನಡೆಯತೊಡಗಿದ್ದರು. "ನಮ್ಮಲ್ಲಿ ಚಾಪೆ ಇಲ್ಲವಾ? ನಾಳೆ ನಾಲ್ಕು ಜನ ಕೇಳಿದರೆ ನಾನು ಎಂತ ಹೇಳುವುದು?"

ಅವರ ಮನೆಯಲ್ಲಿ ಚಹಾ ಸಿಕ್ಕಿತು. ಸುತ್ತ ಹದಿನಾಲ್ಕು ಜನರಿದ್ದರು.

ಎರಡನೆಯ ದಿನ ಗುರುವಾಯನಕೆರೆ ಮುಟ್ಟುವಾಗಲೇ ನಾನು ರಸ್ತೆಯ ಎರಡೂ ಬದಿ ಹುಡುಕತೊಡಗಿದೆ. ಹೆದರಿದ ಹಾಗೆಯೇ ಆಯಿತು. ಲಾಯಿಲದ ನನ್ನ ದೊಡ್ಡಮ್ಮ ಕೊಡೆ ಬಿಡಿಸಿಕೊಂಡು ರಸ್ತೆಗೇ ಅಡ್ಡ ನಿಂತಿದ್ದಳು, ಕಾರ್ಡ್ ಸಮೇತ.

"ಮೊದಲು ತಿಂಡಿ ತಿನ್ನುವ. ಕಲ್ಲು ಎಲ್ಲಿಗೂ ಓಡಿ ಹೋಗುವುದಿಲ್ಲ."

ಎಂಟು ಇಡ್ಲಿ ಹೊಟ್ಟೆಗಿಳಿದ ಮೇಲೆ ಗಡಾಯಿಕಲ್ಲು ಹತ್ತಿದ್ದೀರಾ? ಹತ್ತಬೇಡಿ. ಅರ್ಧದಲ್ಲಿ ಇವರು ಮೆಟ್ಟಿಲ ಮೇಲೆ ಕುಳಿತು "ನೋಟ ಚೆನ್ನಾಗಿದೆ" ಎಂದರು. ನಾನೂ ಕುಳಿತೆ. ಆಗ ಹಿಂದಿನಿಂದ ದೊಡ್ಡಮ್ಮ ಬಂದಳು. ಅರುವತ್ತೆರಡರ ಹೆಂಗಸು, ಬರಿಗಾಲು, ಕೈಯಲ್ಲಿ ಮಧ್ಯಾಹ್ನದ ಬುತ್ತಿ. ಬಾಯಿಯಲ್ಲಿ ಮಾತು ಒಂದು ಕ್ಷಣವೂ ನಿಂತಿರಲಿಲ್ಲ. ನಮ್ಮನ್ನು ದಾಟಿ ಮೇಲೆ ಹೋಗಿ ಕಾದಳು. ಆ ರಾತ್ರಿಯೂ ಚಾಪೆ.

ಮೂರನೆಯ ದಿನ ಕೊಣಾಜೆಕಲ್ಲು. ಮೂಡುಬಿದಿರೆಯಲ್ಲಿ ಇರುವುದು ನನ್ನ ಸ್ವಂತ ಅಣ್ಣ. ಬಂಡೆಯ ಬುಡದಲ್ಲಿ ಹೆದರಿ ಹೆದರಿ ನೋಡಿದೆ. ಯಾರೂ ಇಲ್ಲ! ಹತ್ತಿದೆವು. ಮೊಣಕಾಲು ತರಚಿತು, ಬಾವಿಹಗ್ಗ ಒಮ್ಮೆ ನಿಜಕ್ಕೂ ಉಪಯೋಗಕ್ಕೆ ಬಂತು. ಮೇಲೆ ಸಪಾಟು ಜಾಗದಲ್ಲಿ ಒಂದೂವರೆ ಮನುಷ್ಯರ ಟೆಂಟ್ ನಿಂತಿತು, ಸ್ಟವ್ ಹೊತ್ತಿತು. ಪಡುವಣದಲ್ಲಿ ಸೂರ್ಯ ಇಳಿಯುವ ಹೊತ್ತಿಗೆ ಎರಡು ಲೋಟ ಚಹಾ, ನಾವಿಬ್ಬರೇ. ಮೊದಲ ಗುಟುಕಿಗೆ ನನಗೆ ಕಣ್ಣು ತುಂಬಿ ಬಂತು. ಅಷ್ಟು ಸಂತೋಷವಾಗಿತ್ತು.

ಎರಡನೆಯ ಗುಟುಕಿಗೆ ಮಾತು ಬಾಯಿಂದ ಹೊರಬಿತ್ತು. ಆಡಿದವಳು ನಾನೇ.

"ಅಣ್ಣ ಬರಲಿಲ್ಲ ಅಲ್ವಾ?"

"ಕಾರ್ಡ್ ಮುಟ್ಟಲಿಲ್ಲವೋ ಏನೋ."

"ವಿಳಾಸ ಸರಿ ಬರೆದಿದ್ದೀರಾ?"

"ಬರೆದಿದ್ದೇನೆ ಮಾರಾಯ್ತಿ. ನೀನು ಚಹಾ ಕುಡಿ."

ಕುಡಿಯಲಾಗಲಿಲ್ಲ. ಮೂರು ಸಲ ಎದ್ದು ಕೆಳಗಿನ ದಾರಿ ನೋಡಿ ಬಂದೆ. ನಾಲ್ಕು ವರ್ಷ ಕಾದ ಚಹಾ ತಣ್ಣಗಾಗಿ ಕೆನೆಗಟ್ಟಿತು.

ಮನೆಗೆ ಮರಳಿದ ನಾಲ್ಕನೆಯ ದಿನ ಅಣ್ಣನ ಉತ್ತರ ಬಂತು. "ಕಾರ್ಡ್ ತಲುಪಿತು. ತೊಂದರೆ ತೆಗೆದುಕೊಳ್ಳಬೇಡಿ ಎಂದು ಬರೆದಿದ್ದರಿಂದ ತೆಗೆದುಕೊಳ್ಳಲಿಲ್ಲ. ಬಂಡೆಯ ಮೇಲೆ ಸುಖವಾಗಿದ್ದಿರೆಂದು ಭಾವಿಸುತ್ತೇನೆ."

ಇಡೀ ಬಳಗದಲ್ಲಿ ನಮ್ಮ ಮಾತಿಗೆ ಬೆಲೆ ಕೊಟ್ಟವನು ಅವನೊಬ್ಬನೇ. ಅವನೊಡನೆ ಮಾತು ಬಿಟ್ಟು ಈಗ ಒಂದು ತಿಂಗಳಾಯಿತು. ನೀವೇ ಹೇಳಿ, ಒಡಹುಟ್ಟಿದ ತಂಗಿ ಬಂಡೆಯ ಮೇಲೆ ಮಲಗಿರುವಾಗ ಅಣ್ಣನಾದವನು ಇಷ್ಟು ಸಭ್ಯನಾಗಿರಬಹುದೇ?